ಮೊಡವೆ ಕೊಳೆಯಲ್ಲ

ನಮ್ಮ ಹಾಸ್ಟೆಲಿನಲ್ಲಿ ಕನ್ನಡಿ ಇದ್ದದ್ದು ಒಂದೇ. ಅದೂ ಒಡೆದ ಚೂರು. ಅಡುಗೆಮನೆ ಹಿಂದಿನ ನಲ್ಲಿಯ ಪಕ್ಕ, ಗೋಡೆಗೆ ಯಾರೋ ಸಿಮೆಂಟು ಹಾಕಿ ಮೆತ್ತಿದ್ದರು. 60 ಹುಡುಗರಿಗೆ ಒಂದು ನಲ್ಲಿ, ಅಂಗೈಯಗಲದ ಒಂದು ಕನ್ನಡಿ. ಅದರಲ್ಲಿ ಯಾರ ಮುಖವೂ ಇಡಿಯಾಗಿ ಕಾಣುತ್ತಿರಲಿಲ್ಲ. ಒಂದು ಸಲಕ್ಕೆ ಒಂದು ಕೆನ್ನೆ. ಇಲ್ಲ ಹಣೆ. ಇಲ್ಲ ಗದ್ದ. ನಾವು ನಮ್ಮ ಮೊಡವೆಗಳನ್ನು ಹಾಗೆ ಕಂತು ಕಂತಾಗಿ ನೋಡಿಕೊಂಡವರು.

1984ನೇ ಇಸವಿ. ಒಂಬತ್ತನೇ ಕ್ಲಾಸು. ಮೊಡವೆ ಜಾತಿ ನೋಡಿ ಬರಲಿಲ್ಲ. ಪಟೇಲರ ಮಗನಿಗೂ ಬಂತು, ಶಾನುಭೋಗರ ಮೊಮ್ಮಗನಿಗೂ ಬಂತು, ಕೇರಿಗಳಿಂದ ಬಂದು ಹಾಸ್ಟೆಲು ಸೇರಿದ್ದ ನಮಗೂ ಬಂತು. ಬಂದ ಮೇಲೆ ಅದಕ್ಕೆ ಜಾತಿ ಹತ್ತಿಕೊಂಡಿತು. ಅವರ ಮುಖದ ಮೇಲಿದ್ದರೆ ಅದು ಪ್ರಾಯದ ಗುಳ್ಳೆ. ‘ಏನಯ್ಯಾ, ಮದುವೆ ವಯಸ್ಸು ಬಂದುಬಿಡ್ತು’ ಅಂತ ಮೇಷ್ಟ್ರೇ ತಮಾಷೆ ಮಾಡುತ್ತಿದ್ದರು. ನಮ್ಮ ಮುಖದ ಮೇಲಿದ್ದರೆ ಅದು ಕೊಳೆ. ‘ನೀರು ಮುಟ್ಟೋ ಅಭ್ಯಾಸ ಇಲ್ವೇನ್ರೋ ನಿಮ್ಮ ಕೇರೀಲಿ?’

ನೀರು ಮುಟ್ಟೋ ಅಭ್ಯಾಸ! ನಮ್ಮಪ್ಪಂದಿರು ಊರ ಬಾವಿಯ ನೀರು ಮುಟ್ಟಿದ್ದರೆ ಬೆನ್ನು ಮುರಿಯುತ್ತಿದ್ದವರ ಮಕ್ಕಳೇ ಮುಂದಿನ ಬೆಂಚಿನಲ್ಲಿ ಕೂತು ಈ ಮಾತಿಗೆ ಕಿಸಿಯುತ್ತಿದ್ದರು.

ನಮ್ಮ ಪಕ್ಕದ ಚಾಪೆಯ ಗೆಳೆಯನಿಗೆ ಮುಖದ ತುಂಬ ಎದ್ದಿದ್ದವು. ಕೆಲವು ಸಣ್ಣವು, ಕೆಲವು ಕೀವು ತುಂಬಿದವು, ಗದ್ದದ ಹತ್ತಿರ ಎರಡು ಮೂರು ಒಳಗೇ ಗಂಟು ಕಟ್ಟಿ ನೋಯುತ್ತಿದ್ದವು. ಒಂದು ಸೋಮವಾರ ಮೇಷ್ಟ್ರು ಅವನನ್ನು ನಿಲ್ಲಿಸಿ, ಹೋಗಿ ಬೋರಿನಲ್ಲಿ ಮುಖ ತೊಳ್ಕೊಂಡು ಬಾ ಅಂದರು. ಹೋದ. ತೊಳೆದ. ಬಂದ. ಮೊಡವೆ ಅಲ್ಲೇ ಇದ್ದವು. ‘ಸರಿಯಾಗಿ ತೊಳ್ಕೊಂಡು ಬಾರೋ.’ ಮತ್ತೆ ಹೋದ. ಮೂರು ಸಲ ಹೋಗಿ ಬಂದ. ಮೂರನೇ ಸಲ ಬಂದಾಗ ಅವನ ಅಂಗಿ ಎದೆಗಂಟ ನೆಂದು ಮೈಗೆ ಅಂಟಿಕೊಂಡಿತ್ತು. ಇಡೀ ಕ್ಲಾಸು ನಗುತ್ತಿತ್ತು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು. ನಗದೆ ಇದ್ದರೆ ಮುಂದಿನ ಸರದಿ ನಮ್ಮದು ಅನ್ನೋ ಭಯ.

ಮಾರನೇ ದಿನ ಕೋಳಿ ಕೂಗೋ ಹೊತ್ತಿಗೆ ನಲ್ಲಿ ಹತ್ತಿರ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಅವನು. ಒಂದು ಕೈಯಲ್ಲಿ ಬಟ್ಟೆ ಒಗೆಯೋ ಬಾರ್ ಸೋಪು, ಇನ್ನೊಂದು ಕೈಯಲ್ಲಿ ಇಟ್ಟಿಗೆ ಚೂರು. ನಮ್ಮ ಅವ್ವಂದಿರು ಹಿಮ್ಮಡಿ ಉಜ್ಜಿಕೊಳ್ಳೋ ಹಾಗೆ ಕೆನ್ನೆ ಉಜ್ಜಿಕೊಳ್ಳುತ್ತಿದ್ದ. ‘ಹೋಯ್ತಾ ನೋಡ್ಲಾ’ ಅಂದ. ಕತ್ತಲಲ್ಲಿ ಏನು ಕಾಣುತ್ತೆ? ಬೆಳಕಾದ ಮೇಲೆ ನೋಡಿದರೆ ನೊರೆ ಹರಿದು ಹೋದ ಕಲ್ಲಿನ ಮೇಲೆ ರಕ್ತದ ಗೆರೆ ಇತ್ತು. ಅವನನ್ನು ಬೈಯೋದು ಬಿಟ್ಟು ಆ ವಾರದಲ್ಲೇ ನಾವೂ ನಾಲ್ಕೈದು ಜನ ಇಟ್ಟಿಗೆ ಚೂರು ಹಿಡಿದೆವು. ಉಜ್ಜಿದಷ್ಟೂ ಮೊಡವೆ ಜಾಸ್ತಿಯಾದವು. ಜಾಸ್ತಿಯಾದಷ್ಟೂ ಉಜ್ಜಿದೆವು. ಆಮೇಲೆ ಯಾರೋ ಸುಣ್ಣ ಹಚ್ಚಿ ಅಂದರು. ಯಾರೋ ಹಲ್ಲುಜ್ಜೋ ಪೇಸ್ಟು ಅಂದರು. ಎರಡೂ ಸುಟ್ಟವು. ಮೊಡವೆ ಒಣಗಿದ ಕಡೆಯೆಲ್ಲ ಕರಿ ಕಲೆ ನಿಂತಿತು.

ಹಾಸ್ಟೆಲಿನ ಅಡುಗೆಯವರು ಒಳ್ಳೆಯವರೇ. ಅವರೂ ‘ಬಾಡು ತಿನ್ನೋ ಮೈ, ಉಷ್ಣ ಕಣ್ರೋ’ ಅನ್ನೋರು. ವಾರಕ್ಕೊಂದು ದಿನವೂ ಬಾಡು ಕಾಣದ ಹಾಸ್ಟೆಲಿನಲ್ಲಿ ಈ ಮಾತು. ಪೇಟೆಯ ಪಂಡಿತರೊಬ್ಬರು ನಾಲಿಗೆ ನೋಡಿ, ನಾಡಿ ಹಿಡಿಯೋ ಮನಸ್ಸಿಲ್ಲದೆ ದೂರದಿಂದಲೇ, ‘ರಕ್ತ ಕೆಟ್ಟಿದೆ’ ಅಂದು ರಕ್ತಶುದ್ಧಿಯ ಟಾನಿಕ್ಕು ಕೊಟ್ಟರು. ಸ್ಕಾಲರ್‌ಶಿಪ್ಪಿನ ದುಡ್ಡು ಕೂಡಿಸಿ ಒಂದು ಸೀಸೆ ಕೊಂಡು ನಾಲ್ಕು ಜನ ಮುಚ್ಚಳದಲ್ಲಿ ಅಳೆದು ಕುಡಿದೆವು. ಕಹಿಯಾಗಿತ್ತು. ಮೈ ಕೊಳೆ, ಊಟ ಕೊಳೆ, ಕಡೆಗೆ ರಕ್ತವೂ ಕೊಳೆ. ಹುಟ್ಟಿದಾಗಿನಿಂದ ಕೇಳಿದ ಮಾತನ್ನೇ ಈಗ ನಮ್ಮ ಮುಖವೂ ಹೇಳುತ್ತಿದೆ ಅಂತ ನಂಬಿಬಿಟ್ಟೆವು.

ಆ ಗೆಳೆಯ ಹತ್ತನೇ ಕ್ಲಾಸಿನಲ್ಲಿ ಫೇಲಾಗಿ ಬೆಂಗಳೂರಿನ ಗ್ಯಾರೇಜಿಗೆ ಸೇರಿಕೊಂಡ. ಮೊಡವೆಯಿಂದ ಸ್ಕೂಲು ಬಿಟ್ಟ ಅಂತ ಬರೆದರೆ ಸುಳ್ಳಾಗುತ್ತೆ. ಮನೇಲಿ ಸಾಲ ಇತ್ತು, ಅಪ್ಪ ಹಾಸಿಗೆ ಹಿಡಿದಿದ್ದ. ಆದರೆ ಆ ಸೋಮವಾರದ ನಂತರ ಅವನು ಹಿಂದಿನ ಬೆಂಚಿಗೆ ಹೋದವನು ಮುಂದಕ್ಕೆ ಬರಲಿಲ್ಲ. ಪ್ರಶ್ನೆ ಕೇಳಿದರೆ ಎದ್ದು ನಿಲ್ಲುತ್ತಿರಲಿಲ್ಲ. ಎದ್ದು ನಿಂತರೆ ಮುಖ ಕಾಣುತ್ತಲ್ಲ.

ಮೊಡವೆ ಬಗ್ಗೆ ಬರೀತೀವಿ ಅಂದಾಗ ಸಂಘಟನೆಯ ಗೆಳೆಯರೊಬ್ಬರು ನಕ್ಕರು. ‘ಭೂಮಿ ಪ್ರಶ್ನೆ ಇದೆ, ಒಳಮೀಸಲಾತಿ ಇದೆ, ನೀವು ಮೊಡವೆ ಹಿಡ್ಕೊಂಡು ಕೂತಿದ್ದೀರಲ್ರೀ.’ ನಗಲಿ. 1927ರ ಮಾರ್ಚಿಯಲ್ಲಿ ಬಾಬಾಸಾಹೇಬರು ಸಾವಿರಾರು ಜನರ ಜೊತೆ ಮಹಾಡಿನ ಚೌದಾರ್ ಕೆರೆಯ ನೀರು ಕುಡಿದರು. ಆಮೇಲೆ ಸವರ್ಣರು ಮಾಡಿದ್ದೇನು? 108 ಕೊಡ ಸಗಣಿ, ಗಂಜಲ, ಹಾಲು, ಮೊಸರು ಆ ಕೆರೆಗೆ ಸುರಿದು ‘ಶುದ್ಧ’ ಮಾಡಿಕೊಂಡರು. ಸಗಣಿ ಬಿದ್ದ ನೀರು ಶುದ್ಧ, ನಮ್ಮ ಬೊಗಸೆ ಬಿದ್ದ ನೀರು ಕೊಳೆ. ಹಳೇ ಕಾಲ ಅಂತೀರಾ? 2017ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ, ಮುಖ್ಯಮಂತ್ರಿ ಬರೋ ಮುಂಚೆ ಮುಸಹರರ ಕೇರಿಗೆ ಸೋಪು ಶಾಂಪೂ ಹಂಚಿ ಮೈ ತೊಳ್ಕೊಂಡು ಬನ್ನಿ ಅಂದರು ಅನ್ನೋ ಸುದ್ದಿ ಎಲ್ಲ ಪತ್ರಿಕೆಗಳಲ್ಲೂ ಬಂತು. ಅದಕ್ಕೆ ಉತ್ತರವಾಗಿ ಗುಜರಾತಿನ ದಲಿತರು 125 ಕಿಲೋ ತೂಕದ ಸೋಪು ಮಾಡಿ, ಅದರ ಮೇಲೆ ಬುದ್ಧನನ್ನು ಮೂಡಿಸಿ, ಮುಖ್ಯಮಂತ್ರಿಗೇ ಕೊಡ್ತೀವಿ ಅಂತ ಹೊರಟರು. ಝಾನ್ಸಿಯಲ್ಲಿ ತಡೆದರು. ಆ ಸೋಪಿನ ಸುದ್ದಿ ಓದಿದ ದಿನ ನಮಗೆ ನೆನಪಾಗಿದ್ದು ಇಟ್ಟಿಗೆ ಚೂರು.

ಆದರೂ ಮೊಡವೆ ಕೊಳೆಯಿಂದಲೇ ಬರುತ್ತೆ ಅನ್ನೋದನ್ನು ಮಾತ್ರ ನಾವು ಅಷ್ಟು ವಯಸ್ಸಾದರೂ ಬಿಟ್ಟಿರಲಿಲ್ಲ. ಬಿಡಿಸಿದ್ದು ನಮ್ಮ ಅಕ್ಕನ ಮಗಳ ಕತೆ.

ಅವಳು ಬಿ.ಎಡ್. ಓದುತ್ತಿದ್ದಳು. 2021ನೇ ಇಸವಿ. ಮೊಡವೆ ಇದ್ದವು, ಕಲೆಗಳೂ ಇದ್ದವು. ಮೆಡಿಕಲ್ ಸ್ಟೋರಿನವನು ‘ಮೊಡವೆಗೂ ಆಗುತ್ತೆ, ಬಣ್ಣಾನೂ ಬರುತ್ತೆ’ ಅಂತ ಒಂದು ಟ್ಯೂಬು ಕೊಟ್ಟ. ಚೀಟಿ ಇಲ್ಲ, ಡಾಕ್ಟರಿಲ್ಲ. ಒಂದೇ ವಾರಕ್ಕೆ ಮೊಡವೆ ಮಾಯ. ಮುಖ ಒಂದು ಸುತ್ತು ಬೆಳ್ಳಗಾಯಿತು. ಮನೆಯಲ್ಲಿ ಎಲ್ಲರಿಗೂ ಖುಷಿ. ನಮ್ಮ ಅಕ್ಕ ಅಂತೂ ಗಂಡು ನೋಡೋಕೆ ಶುರು ಮಾಡಿದಳು. ಎಂಟು ತಿಂಗಳು ಹಚ್ಚಿದಳು. ಒಂದು ದಿನ ಹಚ್ಚದೆ ಬಿಟ್ಟರೆ ಮುಖ ಉರಿ, ಕೆಂಪು, ತುರಿಕೆ. ಮತ್ತೆ ಹಚ್ಚಿದರೆ ಶಾಂತ. ಕೊನೆಗೆ ಹಚ್ಚಿದರೂ ಶಾಂತವಾಗಲಿಲ್ಲ. ಕೆನ್ನೆಯ ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ತೆಳ್ಳಗಾಗಿ ಒಳಗಿನ ಕೆಂಪು ನರದ ಎಳೆಗಳು ಕಂಡವು. ತುಟಿಯ ಮೇಲೆ, ಕೆನ್ನೆ ಮೇಲೆ ಕೂದಲು ಬಂದವು. ಮೊಡವೆ ಒಟ್ಟೊಟ್ಟಿಗೆ ನೂರಾರು ಎದ್ದವು.

ಪಾಠ ಮಾಡೋ ಅಭ್ಯಾಸಕ್ಕೆ ಅಂತ ಅವಳನ್ನು ಹೈಸ್ಕೂಲಿಗೆ ಹಾಕಿದ್ದರು. ದುಪಟ್ಟ ಮುಖಕ್ಕೆ ಸುತ್ತಿಕೊಂಡು ಎರಡು ದಿನ ಹೋದಳು. ಮೂರನೇ ದಿನ ಹೋಗಲಿಲ್ಲ. ‘ಮಾವ, ಬಿಸಿಲಿಗೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದ ಹಾಗಾಗುತ್ತೆ. ಮಕ್ಕಳ ಮುಂದೆ ಹೆಂಗೆ ನಿಂತ್ಕಳ್ಳಿ?’ ಹಾಜರಿ ಇಲ್ಲದಿದ್ದರೆ ವರ್ಷ ಹೋಗುತ್ತೆ. ನಮ್ಮ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ನಮ್ಮ ಕಣ್ಣಮುಂದೆ ಹಿಂದಿನ ಬೆಂಚು ಬಂತು.

ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕರೆದುಕೊಂಡು ಹೋದೆವು. ಡಾಕ್ಟರಮ್ಮ ಮೊದಲು ಕೇಳಿದ್ದು, ‘ಟ್ಯೂಬು ತಂದಿದ್ದೀಯಾ?’ ಅಂತ. ಅದರ ಮೇಲಿನ ಸಣ್ಣಕ್ಷರ ಓದಿ ಟೇಬಲ್ಲಿನ ಮೇಲಿಟ್ಟರು. ಅದರಲ್ಲಿ ಸ್ಟೀರಾಯ್ಡ್ ಇತ್ತು. ಜೊತೆಗೆ ಬಣ್ಣ ತೆಗೆಯೋ ಹೈಡ್ರೋಕ್ವಿನೋನ್ ಇತ್ತು. ಸ್ಟೀರಾಯ್ಡು ಕೆಟ್ಟ ಔಷಧಿಯಲ್ಲ, ಕೆಲವು ಚರ್ಮರೋಗಗಳಿಗೆ ಬೇಕೇ ಬೇಕು, ಅದೂ ಕೆಲವು ದಿನ, ಡಾಕ್ಟರು ಹೇಳಿದಷ್ಟು. ಬೀಟಾಮೆಥಸೋನ್, ಕ್ಲೋಬೆಟಸಾಲ್, ಮೊಮೆಟಸೋನ್ ಅನ್ನೋ ಹೆಸರುಗಳು ಟ್ಯೂಬಿನ ಮೇಲೆ ಕಂಡರೆ ಅದು ಮುಖಕ್ಕೆ ಬಣ್ಣ ಕೊಡೋ ಕ್ರೀಮಲ್ಲ. ಕೆಂಪು, ಊತ ಅದುಮಿಬಿಡೋದರಿಂದ ಮೊದಲ ವಾರ ಮೊಡವೆ ಹೋದ ಹಾಗೆ ಕಾಣುತ್ತೆ. ಒಳಗೆ ಚರ್ಮ ಸವೆಯುತ್ತೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಮುಲಾಮುಗಳನ್ನು ಎಚ್ ಪಟ್ಟಿಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕಾನೂನು ಕಾಗದದಲ್ಲಿದೆ, ಟ್ಯೂಬು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದೆ.

ಬಣ್ಣದ ಹುಚ್ಚು ಹಚ್ಚಿದವರು ಯಾರು ಅಂತ ಬೇರೆ ಹೇಳಬೇಕಾ. ‘ಫೇರ್ ಅಂಡ್ ಲವ್ಲಿ’ ಈ ದೇಶದ ಮಾರುಕಟ್ಟೆಗೆ ಬಂದದ್ದು 1975ರಲ್ಲಿ. ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಕರಿಯ ಮನುಷ್ಯನ ಕತ್ತಿನ ಮೇಲೆ ಪೊಲೀಸು ಮಂಡಿಯೂರಿ ಕೊಂದ ಮೇಲೆ, 2020ರಲ್ಲಿ, ಅದರ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಹೆಸರು ಬದಲಾಗೋಕೆ 45 ವರ್ಷ. ಗಂಡು ನೋಡೋಕೆ ಬಂದವರ ಬಾಯಿ ಇನ್ನೂ ಬದಲಾಗಿಲ್ಲ.

ಹೊರಡೋ ಮುಂಚೆ ನಾವು ಡಾಕ್ಟರಮ್ಮನನ್ನು ಕೇಳಿಯೇಬಿಟ್ಟೆವು. ‘ಮೇಡಂ, ಇದು ಕೊಳೆಯಿಂದ ಬರೋದಲ್ವಾ?’

‘ಅಲ್ಲ’ ಅಂದರು. ಎರಡಕ್ಷರ. ಸಾಲಿನಲ್ಲಿ ಹಿಂದೆ ಐವತ್ತು ಜನ ನಿಂತಿದ್ದರೂ ಒಂದು ಹಾಳೆ ತಗೊಂಡು ಚಿತ್ರ ಬರೆದು ತೋರಿಸಿದರು. ಆ ಹಾಳೆ ಇನ್ನೂ ನಮ್ಮ ಹತ್ತಿರ ಇದೆ.

ನಮ್ಮ ಮಾತಿನಲ್ಲಿ ಹೇಳ್ತೀವಿ. ಕೂದಲು ಹುಟ್ಟೋ ಒಂದೊಂದು ರಂಧ್ರದ ಒಳಗೂ ಒಂದು ಎಣ್ಣೆ ಗ್ರಂಥಿ ಇರುತ್ತೆ. ಮುಖ, ಎದೆ, ಬೆನ್ನಿನಲ್ಲಿ ಅವು ದಪ್ಪ. ಪ್ರಾಯ ಬಂದಾಗ ಆಂಡ್ರೊಜೆನ್ ಅನ್ನೋ ಹಾರ್ಮೋನು ಏರುತ್ತೆ, ಗಂಡಿಗೂ ಹೆಣ್ಣಿಗೂ. ಗ್ರಂಥಿ ಎಣ್ಣೆ ಜಾಸ್ತಿ ಸುರಿಸುತ್ತೆ. ಇದೇ ಹೊತ್ತಿಗೆ ರಂಧ್ರದ ಒಳಗೋಡೆಯ ಸತ್ತ ಚರ್ಮ ಉದುರಿ ಹೋಗದೆ ಅಂಟಿಕೊಂಡು ಬಾಯಿ ಕಟ್ಟುತ್ತೆ. ಕೆರೆಯ ತೂಬಿಗೆ ಹೂಳು ಕಟ್ಟಿದ ಹಾಗೆ. ಕಟ್ಟಿದ ತೂಬಿನ ಹಿಂದೆ ಎಣ್ಣೆ ನಿಲ್ಲುತ್ತೆ. ಅಲ್ಲಿ ಕ್ಯುಟಿಬ್ಯಾಕ್ಟೀರಿಯಮ್ ಆಕ್ನೆಸ್ ಅನ್ನೋ ಸೂಕ್ಷ್ಮಜೀವಿ ಹೆಚ್ಚುತ್ತೆ. ಅದು ಎಲ್ಲರ ಚರ್ಮದಲ್ಲೂ ಇರೋ ಜೀವಿ, ಗರ್ಭಗುಡಿಯ ಅರ್ಚಕರ ಮೂಗಿನ ಮೇಲೂ ಇದೆ. ಮೈ ಅದರ ವಿರುದ್ಧ ಎದ್ದಾಗ ಕೆಂಪು, ಊತ, ಕೀವು. ಅದೇ ಮೊಡವೆ.

ಈಗ ಹೇಳಿ. ಏರಿ ಮೇಲೆ ನಿಂತು ಪೊರಕೆ ಆಡಿಸಿದರೆ ತೂಬು ಬಿಡುತ್ತಾ? ಇಟ್ಟಿಗೆ ಚೂರು ಮಾಡಿದ್ದು ಅದೇ. ಮೇಲಿನ ಚರ್ಮ ಕೆತ್ತಿ, ತೂಬಿನ ಬಾಯಿಗೆ ಇನ್ನಷ್ಟು ಊತ ತಂದಿತು. ಮೂಗಿನ ಮೇಲೆ ಕಾಣೋ ಕರಿ ಚುಕ್ಕಿಯೂ ಕೊಳೆಯಲ್ಲ. ಬಾಯಿ ತೆರೆದಿರೋ ರಂಧ್ರದೊಳಗಿನ ಮೇಣ ಗಾಳಿ ತಾಗಿ ಕಪ್ಪಾದದ್ದು, ಅದರಲ್ಲಿ ಮೈಬಣ್ಣದ ಮೆಲನಿನ್ನೂ ಸೇರಿರುತ್ತೆ. ಕರಿ ಕಲೆ ಉಳಿಯೋದೂ ಅಷ್ಟೇ. ನಮ್ಮಂಥ ಕಂದು, ಕಪ್ಪು ಚರ್ಮ ಗಾಯ ಮಾಯುವಾಗ ಬಣ್ಣ ಜಾಸ್ತಿ ಬಿಡುತ್ತೆ. ಅದು ತಿಂಗಳುಗಟ್ಟಲೆ ನಿಂತು ನಿಧಾನವಾಗಿ ತಿಳಿಯಾಗುತ್ತೆ. ಚಿವುಟಿದರೆ, ಬಿಸಿಲು ಬಡಿದರೆ ಇನ್ನೂ ನಿಲ್ಲುತ್ತೆ. ಹೊಲಕ್ಕೆ ಹೋಗೋ ಮಕ್ಕಳಿಗೆ ತಲೆ ಮೇಲೊಂದು ಟವಲು, ಟೋಪಿ, ಏನಾದರೂ ಇರಲಿ.

ಗ್ಯಾರೇಜು ಸೇರಿದ ಗೆಳೆಯ ಒಂದು ಸಲ ಊರಿಗೆ ಬಂದಾಗ ತೊಡೆ ತೋರಿಸಿದ್ದ. ಕರಿ ಕಾಳು ಚೆಲ್ಲಿದ ಹಾಗೆ ಗುಳ್ಳೆಗಳು. ‘ಮುಖದ್ದು ಇಲ್ಲಿಗೆ ಇಳೀತು ಕಣ್ಲಾ’ ಅಂತ ನಕ್ಕಿದ್ದ. ಎಂಜಿನ್ ಎಣ್ಣೆ ಕುಡಿದ ಪ್ಯಾಂಟು ದಿನವಿಡೀ ತೊಡೆಗೆ ಅಂಟಿಕೊಂಡಿದ್ದರೆ ರಂಧ್ರಗಳು ಕಟ್ಟಿಕೊಂಡು ಹಾಗಾಗುತ್ತೆ ಅಂತ ಡಾಕ್ಟರಮ್ಮ ಹೇಳಿದರು. ಎಣ್ಣೆಯಾದ ಬಟ್ಟೆ ಬದಲಾಯಿಸೋಕೆ ಇನ್ನೊಂದು ಜೊತೆ ಇದ್ದಿದ್ದರೆ ಅವನಿಗೆ ಆ ಗುಳ್ಳೆ ಇರುತ್ತಿರಲಿಲ್ಲ. ತಲೆಗೆ ಹರಳೆಣ್ಣೆ, ಕೊಬ್ಬರಿ ಎಣ್ಣೆ ಸುರಿದುಕೊಂಡು ಹಣೆಗೆ ಇಳಿಸೋ ನಮ್ಮ ಹೆಣ್ಣುಮಕ್ಕಳ ಹಣೆಯ ಗುಳ್ಳೆಗೂ ಇಂಥದೇ ಕಾರಣ ಇರಬಹುದು. ಎಣ್ಣೆ ಹಚ್ಚಲಿ, ಹಣೆಗೆ ಇಳಿಯದ ಹಾಗೆ ಹಚ್ಚಲಿ.

ಬಾಡಿನ ಮಾತಿಗೆ ಬರೋಣ. ಊಟಕ್ಕೂ ಮೊಡವೆಗೂ ಸ್ವಲ್ಪ ನಂಟಿದೆ ಅಂತ ಅಧ್ಯಯನಗಳು ಹೇಳುತ್ತವೆ. ಆದರೆ ಅವು ಬೊಟ್ಟು ಮಾಡೋದು ಬಾಡಿನ ಕಡೆಗಲ್ಲ. ರಕ್ತಕ್ಕೆ ಬೇಗ ಸಕ್ಕರೆ ಏರಿಸೋ ಸಿಹಿ, ಮೈದಾ, ಪಾಲಿಶ್ ಅಕ್ಕಿಯ ಕಡೆಗೆ, ಸ್ವಲ್ಪ ಮಟ್ಟಿಗೆ ಹಾಲಿನ ಕಡೆಗೆ. ಕೇಳಿ ನಮಗೆ ನಗು ತಡೆಯಲಾಗಲಿಲ್ಲ. ರಕ್ತಶುದ್ಧಿಯ ಮಾತು ಬಿಡಿ, ಮೊಡವೆಗೆ ರಕ್ತ ಕೆಟ್ಟಿರಬೇಕಾಗಿಲ್ಲ.

ಇನ್ನು ಮಾಡಬೇಕಾದ್ದು. ಹುಡುಗರು ಓದುತ್ತಾರೆ ಅಂತ ಸ್ವಲ್ಪ ಬಿಡಿಸಿ ಬರೀತೀವಿ. ದಿನಕ್ಕೆ ಎರಡು ಸಲ ಸಾದಾ ಮೈಸೋಪಿನಲ್ಲಿ ಕೈಯಿಂದ ಮೆತ್ತಗೆ ತೊಳೆದರೆ ಸಾಕು. ಹಿಚುಕಬಾರದು. ಸಣ್ಣಪುಟ್ಟ ಮೊಡವೆಗೆ ಬೆನ್ಝಾಯಿಲ್ ಪೆರಾಕ್ಸೈಡ್ 2.5 ಪರ್ಸೆಂಟಿನ ಜೆಲ್ ಇದೆ. ಬಟ್ಟೆ ದಿಂಬಿಗೆ ತಾಗಿದರೆ ಬಣ್ಣ ಹೋಗುತ್ತೆ, ಹಳೇ ಟವಲು ಹಾಸಿಕೊಳ್ಳಿ. ಕಟ್ಟಿದ ತೂಬು ಬಿಡಿಸೋದು ಅಡಾಪಲೀನ್ 0.1 ಪರ್ಸೆಂಟು. ರಾತ್ರಿ, ಒಣಗಿದ ಮುಖಕ್ಕೆ, ಬಟಾಣಿ ಕಾಳಿನಷ್ಟನ್ನು ಇಡೀ ಮುಖಕ್ಕೆ. ಮೊಡವೆ ಕಂಡ ಕಡೆ ಮಾತ್ರ ಹಚ್ಚಿದರೆ ಪ್ರಯೋಜನವಿಲ್ಲ, ಯಾಕೆಂದರೆ ನಾಳೆ ಏಳೋ ಮೊಡವೆ ಇವತ್ತು ಕಣ್ಣಿಗೆ ಕಾಣದೆ ಒಳಗೆ ಕಟ್ಟುತ್ತಿರುತ್ತೆ. ಮೊದಲು ದಿನ ಬಿಟ್ಟು ದಿನ. ಸ್ವಲ್ಪ ಒಣಗಿ ಸಿಪ್ಪೆ ಏಳುತ್ತೆ. ಗರ್ಭಿಣಿಯರಿಗೆ ಇದು ಬೇಡ. ಫಲ ಕಾಣೋಕೆ ಎಂಟರಿಂದ ಹನ್ನೆರಡು ವಾರ. ಎರಡು ವಾರಕ್ಕೆ ಬಿಟ್ಟು ಇನ್ನೊಂದು ಟ್ಯೂಬಿಗೆ ಹೋಗೋದೇ ನಮ್ಮವರು ಮಾಡೋ ದೊಡ್ಡ ತಪ್ಪು. ಹೋದ ಮೊಡವೆ ಮತ್ತೆ ಬರುತ್ತೆ, ಯಾಕೆಂದರೆ ಹಾರ್ಮೋನೂ ಗ್ರಂಥಿಯೂ ಎಲ್ಲೂ ಹೋಗಿಲ್ಲ. ಅದಕ್ಕೇ ಕಡಿಮೆಯಾದ ಮೇಲೂ ರಾತ್ರಿಯ ಮುಲಾಮು ಕೆಲವು ಕಾಲ ನಡೀಬೇಕು.

ಗಂಟು ಕಟ್ಟಿ ನೋಯೋ ಮೊಡವೆ, ಗುಂಡಿ ಬೀಳೋ ಮೊಡವೆ ಆದರೆ ಮನೆಮದ್ದಿಗೆ ಕಾಯಬೇಡಿ, ಬಿದ್ದ ಗುಂಡಿ ತಾನಾಗಿ ತುಂಬೋದಿಲ್ಲ. ಡಾಕ್ಟರು ಡಾಕ್ಸಿಸೈಕ್ಲಿನ್ ಮಾತ್ರೆ ಕೆಲವು ತಿಂಗಳು ಕೊಡಬಹುದು. ತೀರಾ ಜೋರಾದರೆ ಐಸೊಟ್ರೆಟಿನಾಯಿನ್ ಇದೆ, ಆದರೆ ಹೊಟ್ಟೆಯಲ್ಲಿರೋ ಮಗುವಿಗೆ ಅದು ಭಯಂಕರ, ಹೆಣ್ಣುಮಕ್ಕಳು ಆ ಎಚ್ಚರಿಕೆ ಪೂರ್ತಿ ಕೇಳಿಕೊಂಡೇ ತಗೋಬೇಕು. ಮುಟ್ಟು ಏರುಪೇರಾಗಿ, ಮುಖದ ಮೇಲೆ ಕೂದಲೂ ಬರುತ್ತಿದ್ದರೆ ಅಂಡಾಶಯದ, ಹಾರ್ಮೋನಿನ ತೊಂದರೆ ಇರಬಹುದು, ಅದನ್ನೂ ತೋರಿಸಬೇಕು.

ನಮ್ಮ ಹುಡುಗಿಗೆ ಸುಲಭವಾಗಲಿಲ್ಲ. ಟ್ಯೂಬು ನಿಲ್ಲಿಸಿದ ಮೇಲೆ ಮೊದಲ ಕೆಲವು ವಾರ ಇನ್ನೂ ಜಾಸ್ತಿಯಾಯಿತು. ಹಾಗಾಗುತ್ತೆ, ಹೆದರಿ ಮತ್ತೆ ಅದನ್ನೇ ಹಚ್ಚಬೇಡ ಅಂತ ಡಾಕ್ಟರಮ್ಮ ಮೊದಲೇ ಹೇಳಿದ್ದರು. ರಾತ್ರಿ ಒದ್ದೆ ಬಟ್ಟೆ ಮುಖದ ಮೇಲೆ ಹಾಕಿಕೊಂಡು ಕೂತಿರೋಳು. ಅಕ್ಕ ಎರಡು ಸಲ ಹಳೇ ಟ್ಯೂಬು ಹುಡುಕಿದಳು, ನಾವು ಅದನ್ನು ತಿಪ್ಪೆಗೆ ಎಸೆದಾಗಿತ್ತು. ಡಾಕ್ಟರ ಪತ್ರ ತಗೊಂಡು ಹೋಗಿ ಕಾಲೇಜಿನಲ್ಲಿ ಗೋಗರೆದು ಪಾಠದ ಅಭ್ಯಾಸವನ್ನು ಮುಂದಕ್ಕೆ ಹಾಕಿಸಿದೆವು. ಆರು ತಿಂಗಳ ಮೇಲೆ ದುಪಟ್ಟ ಇಳಿಸಿಕೊಂಡು ಹೋದಳು. ಮೊಡವೆ ಪೂರ್ತಿ ಹೋಗಿರಲಿಲ್ಲ. ಬಣ್ಣ ಮೊದಲಿನದೇ ಬಂದಿತ್ತು, ನಮ್ಮ ಬಣ್ಣ.

ಹಳ್ಳಿಯ ಮೇಷ್ಟ್ರುಗಳೇ, ನಿಮ್ಮಲ್ಲಿ ಒಂದು ಮಾತು. ಕ್ಲಾಸಿನಲ್ಲಿ ಮೊಡವೆಯ ಹುಡುಗನನ್ನು, ಹುಡುಗಿಯನ್ನು ನಿಲ್ಲಿಸಿ ಮುಖ ತೊಳೆದು ಬಾ ಅನ್ನಬೇಡಿ. ಅನ್ನೋ ಹಾಗಾದರೆ ಮೊದಲು ಕರಿಹಲಗೆ ಮೇಲೆ ಒಂದು ತೂಬಿನ ಚಿತ್ರ ಬರೆಯಿರಿ.

ಹೋದ ವರ್ಷ ಮಾರೆಮ್ಮನ ಹಬ್ಬಕ್ಕೆ ಗೆಳೆಯ ಊರಿಗೆ ಬಂದಿದ್ದ. ಕೆನ್ನೆಯ ಗುಂಡಿಗಳ ಮೇಲೆ ಬಿಳಿ ಗಡ್ಡ ಬೆಳೆದಿತ್ತು. ಕಿರೀ ಮಗ ಪಿಯುಸಿ, ಕಾಲೇಜಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾನೆ, ಮುಖದ ತುಂಬ ಎದ್ದಿವೆ ಅಂದ. ‘ದಿನಾ ನಾನೇ ನಿಂತ್ಕಂಡು ಉಜ್ಜುಸ್ತೀನಿ ಕಣ್ಲಾ, ಹೋಗ್ತಾ ಇಲ್ಲ.’ ನಾವು ಹಾಳೆಯ ಕತೆಯನ್ನೆಲ್ಲ ಹೇಳಿದೆವು. ಕೇಳಿದ. ಬಹಳ ಹೊತ್ತು ಮಾತಾಡಲಿಲ್ಲ. ಬೀಡಿ ಹಚ್ಚಿ ಆರಿಸಿದ.

‘ಅಂಗಾದ್ರೆ ಅವತ್ತು ಮೂರು ಸಲ ಬೋರಿಗೆ ಕಳಿಸಿದ್ದು?’ ಅಂದ.

ನಾವು ಬಸ್ ಟಿಕೇಟಿನ ಹಿಂದೆ ಜಿಲ್ಲಾಸ್ಪತ್ರೆಯ ಚರ್ಮದ ಡಾಕ್ಟರು ಕೂರೋ ದಿನ ಬರೆದುಕೊಟ್ಟೆವು. ಕಣ್ಣಿನ ಹತ್ತಿರ ಹಿಡಿದು ಓದಿ ಅಂಗಿ ಜೇಬಿಗೆ ಇಟ್ಟುಕೊಂಡ. ಇಟ್ಟಿಗೆ ಚೂರಿನ ಮಾತು ಅವನೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.